ಮುಸ್ಸಂಜೆ ಆರೂ ಹತ್ತಕ್ಕೆ ದೀಪ ಹಚ್ಚಿದವರು ಯಾರು?

"ಏನಂದ್ರಿ? ಫೋನಿನಿಂದ?"

ಅನುರಾಧಾಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು. ಸ್ಟೂಲಿನ ಮೇಲೆ ನಿಂತಿದ್ದವಳು ಗೋಡೆಗೆ ಕೈ ಕೊಟ್ಟು ಸಾವರಿಸಿಕೊಂಡಳು.

"ಹೌದ್ರಿ ಮೇಡಂ, ಫೋನಿನಿಂದನ," ಎಂದ ಆ ಮನೆಯ ಯಜಮಾನ ಶಶಿಕಾಂತ. ಸಂಭಾಜಿನಗರದಲ್ಲಿ ತೊಗರಿಬೇಳೆಯ ದೊಡ್ಡ ವ್ಯಾಪಾರಿ. "ನಮ್ಮ ತಮ್ಮ ರವಿ ನಾಶಿಕದಾಗ ತನ್ನ ವರ್ಕ್‌ಶಾಪಿನ್ಯಾಗ ಕುಂತಿದ್ದ. ಸೋಮವಾರ ಸಂಜಿ ಆರೂ ಹತ್ತಕ್ಕ ಫೋನ್ ತೆಗದು ನೋಡ್ಯಾನ. ಇಲ್ಲಿ ಥೇಟರ್ ರೂಮಿನ ಲೈಟ್ ಹತ್ತಿತ್ತಂತ. ಅಂದ್ರ ನಿಮ್ಮ ಹುಡುಗ ಇನ್ನೂ ಒಳಗ ಇದ್ದ. ದೀಪ ಹಚ್ಚೋ ಹೊತ್ತು ಆಗೇದಂತ ರವಿ ಅಲ್ಲಿಂದನ ಮನಿ ಲೈಟ್ ಎಲ್ಲಾ ಹಚ್ಯಾನ. ಪೊಲೀಸರಿಗೂ ಇದನ್ನ ಬರದು ಕೊಟ್ಟಾನ."

"ಇದನ್ನ ನನಗ ಮೊದಲ ಯಾರೂ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ಬೆಳಗ್ಗೆಯಿಂದ ಕಲ್ಲುಗೋಡೆ ಗುದ್ದಿ ಗುದ್ದಿ ಸೋತಿದ್ದ ಅನುರಾಧಾಳಿಗೆ ಒಮ್ಮೆಲೇ ಒಂದು ಬಾಗಿಲು ಕಂಡಿತ್ತು.

ಸೋಮವಾರ ಸಂಜೆ ಈ ಮನೆಯ ದೇವರ ಕಪಾಟಿನಿಂದ ಇಷ್ಟಲಿಂಗ ಇಡುವ ಬಂಗಾರದ ಕರಡಿಗೆ ಕಾಣೆಯಾಗಿತ್ತು. ಇವತ್ತು ಗುರುವಾರ ಬೆಳಗಿನ ಆರಕ್ಕೆ ಪೊಲೀಸರು ಅನುರಾಧಾಳ ಅಂಗಡಿಯ ಕೆಲಸಗಾರ ಹೃಷಿಕೇಶನನ್ನು ನಾಶಿಕದ ಅವನ ಕೋಣೆಯಿಂದ ಎತ್ತಿ ತಂದಿದ್ದರು. ನಾಳೆ ಬೆಳಿಗ್ಗೆ ಕೋರ್ಟು. ಅಷ್ಟರೊಳಗೆ ಅವನನ್ನು ಬಿಡಿಸಬೇಕು. ಕಳ್ಳನೆಂಬ ಹೆಸರು ಒಮ್ಮೆ ಕಾಗದಕ್ಕೆ ಹತ್ತಿತೆಂದರೆ, ಬೇರೆಯವರ ಮನೆಯೊಳಗೆ ಹೋಗಿ ದುಡಿಯುವ ಮನುಷ್ಯನ ಕಥೆ ಅಲ್ಲಿಗೆ ಮುಗಿಯಿತು.

ಅನುರಾಧಾ ಪತ್ತೇದಾರಳೇನೂ ಅಲ್ಲ. ನಾಶಿಕದ ಕಾಲೇಜ್ ರೋಡಿನಲ್ಲಿ ಅವಳದೊಂದು ಅಂಗಡಿ. ಗೋಡೆ ಒಡೆಯದೆ, ವೈರ್ ಎಳೆಯದೆ ಮನೆಯ ದೀಪಗಳನ್ನೂ ಹೋಮ್ ಥಿಯೇಟರನ್ನೂ ಒಂದೇ ಗುಂಡಿಗೆ ಕೂಡಿಸಿಕೊಡುವುದು ಅವಳ ಕೆಲಸ. ಬೀಗ ಹಾಕಿದ ಮನೆಗೆ ಒಬ್ಬನನ್ನೇ ಕಳಿಸಬಾರದು ಎಂಬುದು ಅವಳ ಅಂಗಡಿಯ ಕಟ್ಟುನಿಟ್ಟಾದ ನಿಯಮ. ಆ ನಿಯಮವನ್ನು ಮುರಿದವಳೂ ಅವಳೇ. ಇನ್ನೊಬ್ಬ ಕೆಲಸಗಾರ ಇಗತಪುರಿಯ ಹೋಟೆಲಿನಲ್ಲಿ ಸಿಕ್ಕಿಬಿದ್ದಿದ್ದ. ಶಶಿಕಾಂತನ ಮನೆಯವರೆಲ್ಲ ತೊಟ್ಟಿಲ ಕಾರ್ಯಕ್ಕೆಂದು ಭಾಲ್ಕಿಗೆ ಹೋಗಿದ್ದರು. "ನೀ ಒಬ್ಬನ ಹೋಗಿ ಸ್ಪೀಕರ್ ಕೂಡಿಸಿ ಬಾ" ಎಂದು ಬೀಗದ ಕೈ ಕೊಟ್ಟು ಕಳಿಸಿದ್ದಳು.

ಹೃಷಿಕೇಶ ಹೇಳಿದ್ದಿಷ್ಟು: ಐದೂ ಕಾಲಿಗೆ ಕೆಲಸ ಮುಗಿಸಿದೆ, ಬೀಗದ ಕೈಯನ್ನು ಪಕ್ಕದ ಮನೆಯ ಸರೋಜಿನಿ ಕಾಕುವಿನ ಟಪಾಲು ಡಬ್ಬಿಯಲ್ಲಿ ಹಾಕಿದೆ, ಐದೂ ಐವತ್ತರ ಬಸ್ಸು ಹತ್ತಿದೆ. ಟಿಕೆಟ್ಟೂ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ ಟಿಕೆಟ್ ಯಾರು ಬೇಕಾದರೂ ಆರಿಸಿಕೊಳ್ಳಬಹುದು ಎಂದು ಪೊಲೀಸರು ನಕ್ಕಿದ್ದರಂತೆ. ಅವರ ನಗುವಿನ ಹಿಂದೆ ಯಾವ ಬಲ ಇತ್ತೆಂದು ಅವಳಿಗೆ ಈಗ ತಿಳಿಯಿತು. ಶಶಿಕಾಂತನ ತಮ್ಮ ರವಿಕಾಂತನ ಹೇಳಿಕೆ!

ಅವಳು ಸ್ಟೂಲಿನಿಂದ ಧುಮುಕಿದಳು. ಗೋಡೆಯಿಂದ ಬಿಚ್ಚಿದ್ದ ಅಂಗೈಯಗಲದ ಬಿಳಿ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ತನ್ನ ಟ್ಯಾಬ್‌ಗೆ ಜೋಡಿಸಿದಳು. ಮನೆಯ ಪ್ರತಿಯೊಂದು ಸ್ವಿಚ್ಚೂ ಗಾಳಿಯಲ್ಲೇ ಈ ಡಬ್ಬಿಗೆ ಸುದ್ದಿ ಮುಟ್ಟಿಸುತ್ತದೆ. ಯಾವ ಗುಂಡಿ ಯಾವಾಗ ಒತ್ತಿದರು ಎಂಬುದನ್ನು ಡಬ್ಬಿ ನೆನಪಿಟ್ಟುಕೊಳ್ಳುತ್ತದೆ.

ಸೋಮವಾರದ ಸಾಲುಗಳು ಮೇಲೇರಿ ಬಂದವು. ಐದೂ ಎರಡಕ್ಕೆ ಥಿಯೇಟರ್ ಕೋಣೆಯ ದೀಪ ಆರಿದೆ. ಹೃಷಿಕೇಶನ ಟ್ಯಾಬ್‌ನಿಂದ. ಆಮೇಲೆ ಒಂದು ತಾಸು ಎಂಟು ನಿಮಿಷ ಏನೂ ಇಲ್ಲ. ಆರೂ ಹತ್ತಕ್ಕೆ ಒಂದೇ ಒಂದು ಸಾಲು. ದೇವರ ಕೋಣೆಯ ಪಕ್ಕದ ಗೋಡೆಯ ಗುಂಡಿ. 'ಮುಸ್ಸಂಜೆ' ಎಂಬ ಹೆಸರಿನದು. ಒತ್ತಿದರೆ ಅಂಗಳದಿಂದ ಅಡುಗೆಮನೆಯವರೆಗೆ ಹನ್ನೊಂದು ದೀಪ ಒಮ್ಮೆಲೇ ಹತ್ತುತ್ತವೆ.

ಅಂದರೆ ಆರೂ ಹತ್ತಕ್ಕೆ ಥಿಯೇಟರ್ ಕೋಣೆ ಕತ್ತಲಾಗಿತ್ತು. ರವಿಕಾಂತ ಹೇಳಿದ್ದು ಹಸಿ ಸುಳ್ಳು! ಇನ್ನೂ ದೊಡ್ಡ ಸುಳ್ಳೊಂದಿತ್ತು.

"ಶಶಿಕಾಂತ್ ಸರ್, ಈ ಮನಿ ದೀಪ ಫೋನಿನಿಂದ ಹತ್ತೂದಿಲ್ಲ."

"ಹಂಗಂದ್ರ? ವೈರ್ ಇಲ್ಲ ಅಂದಮ್ಯಾಲ ಫೋನಿನಿಂದನ ಅಲ್ಲೇನ್ರಿ?"

ಅನುರಾಧಾಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ವೈರ್‌ಲೆಸ್ ಎಂದರೆ ಎಲ್ಲವೂ ಒಂದೇ ಎಂದು ತಿಳಿಯುವ ಗಿರಾಕಿಗಳಿಗೆ ದಿನಕ್ಕೆ ನಾಲ್ಕು ಸಲ ಇದನ್ನೇ ತಿಳಿಹೇಳುವುದು ಅವಳ ಪಾಡು.

ಎರಡು ತಿಂಗಳ ಹಿಂದೆ ಅಣ್ಣ ತಮ್ಮ ಇಬ್ಬರೂ ಅವಳ ಅಂಗಡಿಗೆ ಬಂದಿದ್ದರು. ಅವಳು ಎರಡು ಬಗೆ ತೋರಿಸಿದ್ದಳು. ಒಂದು ಇಂಟರ್ನೆಟ್ಟಿನ ಮೇಲೆ ನಡೆಯುವಂಥದು. ದುಬೈಯಲ್ಲಿ ಕೂತು ಮನೆಯ ಫ್ಯಾನ್ ಹಾಕಬಹುದು. ಇನ್ನೊಂದು ಮನೆಯೊಳಗೆ ತನ್ನದೇ ಸಣ್ಣ ಜಾಲ ಕಟ್ಟಿಕೊಳ್ಳುವಂಥದು; ಇಂಟರ್ನೆಟ್ ಬೇಡ, ಆದರೆ ಹೊಸ್ತಿಲು ದಾಟಿದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ರವಿಕಾಂತ ಮೊದಲನೆಯದಕ್ಕೇ ಬೆರಳಿಟ್ಟಿದ್ದ. ಅಂಗಡಿಯಲ್ಲಿ ಗಿರಾಕಿಗೆ ತೋರಿಸುವ ನಮೂನೆಯ ಆ್ಯಪನ್ನು ತನ್ನ ಫೋನಿಗೂ ಹಾಕಿಸಿಕೊಂಡು ಹೋಗಿದ್ದ.

ಆದರೆ ಕೂಡಿಸುವ ದಿನ ಅಡ್ಡ ನಿಂತವರು ಅವರ ತಾಯಿ ಪ್ರೇಮಾಬಾಯಿ. "ಮನಿ ದೀಪ ಮನ್ಯಾಗ ಇದ್ದವರು ಹಚ್ಚಬೇಕು. ಎಲ್ಲೋ ಕುಂತವರು ಹಚ್ಚಿದ್ರ ಅದ ನಮ್ಮ ದೀಪ ಹ್ಯಾಂಗ ಆಗ್ತದ?" ಎಂದು ಕೇಳಿದ್ದರು. ಅನುರಾಧಾಳಿಗೂ ಅದು ಸರಿಬಂದಿತ್ತು. ಸಿನಿಮಾ ಓಡುವಾಗ ಇಂಟರ್ನೆಟ್ ಜಗ್ಗಾಡಿದರೆ ದೀಪಗಳೂ ಜಗ್ಗಾಡುತ್ತವೆ. ಮನೆಯೊಳಗಿನ ಜಾಲಕ್ಕಾದರೆ ಆ ತಂಟೆಯಿಲ್ಲ. ಎರಡನೆಯ ಬಗೆಯನ್ನೇ ಕೂಡಿಸಿದಳು. ರವಿಕಾಂತನಿಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತು ನಿಂತುಹೋಗಿತ್ತು.

"ಸೋಮವಾರ ಆರೂ ಹತ್ತಕ್ಕ ಆ ಗುಂಡಿ ಒತ್ತಿದವರು ಈ ಮನಿಯೊಳಗ ಇದ್ರು," ಎಂದಳು ಅನುರಾಧಾ. "ದೇವರ ಕ್ವಾಣಿ ಮುಂದ ನಿಂತು ಒತ್ಯಾರ."

ಶಶಿಕಾಂತನ ಬಾಯಿ ತೆರೆದದ್ದು ತೆರೆದೇ ಇತ್ತು. "ಅಲ್ರಿ, ಅವತ್ತ ಸರೋಜಿನಿ ಕಾಕು ಲೈಟ್ ಹತ್ತಿದ್ದ ನೋಡಿ, ಊರಿಂದ ಬಂದ್ರೇನು ಅಂತ ಭಾಲ್ಕಿಗೆ ಫೋನ್ ಮಾಡ್ಯಾಳ. ನಾ ಗಾಬರಿಯಾಗಿ ರವಿಗೆ ಹಚ್ಚಿದೆ. ಫೋನಿನಿಂದ ನಾನ ಹಚ್ಚೀನಿ ದಾದಾ, ಅಂದ. ನನಗ ಖುಷಿನೂ ಆಗಿತ್ತು. ಮಾತು ಬಿಟ್ರೂ ಮನಿ ದೀಪದ ನೆನಪು ಅದ ಇವನಿಗೆ ಅಂತ."

ಅನುರಾಧಾ ಬಾಗಿಲ ಕಡೆ ತಿರುಗಿದಳು. ಹಣೆಗೆ ಮೂರೆಳೆ ವಿಭೂತಿ ಬಳಿದುಕೊಂಡ ಪ್ರೇಮಾಬಾಯಿ ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅವ್ವಾರ, ಈ ದೀಪ ಫೋನಿನಿಂದ ಹತ್ತೂದಿಲ್ಲ ಅಂತ ನಿಮಗ ಗೊತ್ತಿತ್ತು. ನೀವ ಬ್ಯಾಡ ಅಂದಿದ್ರಿ. ಪೊಲೀಸರ ಮುಂದ ಯಾಕ ಹೇಳಲಿಲ್ಲ?"

"ನನಗ ಮುದುಕಿಗಿ ಏನ ತಿಳೀತದವಾ ಇದೆಲ್ಲಾ," ಎಂದರು ಪ್ರೇಮಾಬಾಯಿ. ಅವರ ಕಣ್ಣು ಅನುರಾಧಾಳನ್ನು ದಾಟಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಹೆಂಗಸಿನ ಮೇಲೆ ನಿಂತಿತು. "ಈಕಿ ಆ ಹುಡುಗನ ಅವ್ವ ಏನು?"

"ಹೌದ್ರಿ ಅವ್ವಾರ. ಮಲಕವ್ವ ಅಂತಾರ್ರಿ ನನಗ," ಎಂದು ಆ ಹೆಂಗಸು ಎದ್ದು ನಿಂತಳು. ನಾಶಿಕದ ಅಂಬಡಿನ ಕಾರ್ಖಾನೆ ಕೆಲಸಗಾರರ ಕೋಣೆಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮಗನನ್ನು ಡಿಪ್ಲೊಮಾ ಓದಿಸಿದ ತಾಯಿ. ಬೆಳಿಗ್ಗೆ ಠಾಣೆಯ ಗೇಟಿನಲ್ಲೇ ಪೇದೆ ಅವಳನ್ನು ತಡೆದಿದ್ದ. ಮಗನ ಮುಖ ಕೂಡ ಕಂಡಿರಲಿಲ್ಲ.

ಪ್ರೇಮಾಬಾಯಿ ಅವಳನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು.

"ನಡೀರಿ ಮಲಕವ್ವ," ಎಂದು ಅನುರಾಧಾ ಕಾರಿನ ಕೀಲಿ ಎತ್ತಿಕೊಂಡಳು. "ನಾಶಿಕಕ್ಕ ಹೋಗೂಣು. ಶಶಿಕಾಂತ್ ಸರ್, ಒಂದ ಮಾತು. ನಾ ಬರಾಕತ್ತೀನಿ ಅಂತ ನಿಮ್ಮ ತಮ್ಮಗ ಸುದ್ದಿ ಹೋಗಬಾರದು. ನಾ ಫೋನ್ ಮಾಡಿದಾಗ ಥೇಟರ್ ರೂಮಿನ್ಯಾಗ ಹೋಗಿ ಬಾಗಲಾ ಹಾಕ್ಕೊಂಡು ನಿಂದರ್ರಿ. ಅಷ್ಟ ಸಾಕು."

ಡಬ್ಬಿಯನ್ನು ಮತ್ತೆ ಗೋಡೆಗೇರಿಸಿ, ಹನ್ನೆರಡಕ್ಕೆ ಹೊರಟರು.

ವೈಜಾಪುರ ದಾಟಿತು. ಯೇವಲಾ ದಾಟಿತು. ನಿಫಾಡದ ಹತ್ತಿರ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು ಸಿಕ್ಕಿ ಅರ್ಧ ತಾಸು ಹಾಳಾಯಿತು. ಅನುರಾಧಾ ಹಾರ್ನ್ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡಳು. ಪಕ್ಕದಲ್ಲಿ ಮಲಕವ್ವ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಾನೂ ತಿನ್ನಲಿಲ್ಲ, ಬಿಚ್ಚಲೂ ಇಲ್ಲ.

"ಅಕ್ಕಾರ, ಅವರು ದೊಡ್ಡ ಮಂದಿ. ನಮ್ಮ ಮಾತು ನಡೀತದೇನ್ರಿ?"

"ನಮ್ಮ ಮಾತು ಬ್ಯಾಡ ಮಲಕವ್ವ. ಡಬ್ಬಿ ಮಾತಾಡ್ತದ."

"ಡಬ್ಬಿಗಿ ಪೊಲೀಸರು ಹೊಡ್ಯಾಕ ಬರೂದಿಲ್ಲ, ಅದಕ್ಕ ಅದು ಖರೇ ಹೇಳ್ತದ," ಎಂದಳು ಮಲಕವ್ವ. ಇಬ್ಬರಿಗೂ ನಗು ಬಂತು. ಆ ದಿನದ ಮೊದಲ ನಗು ಅದು.

ನಾಲ್ಕೂ ಕಾಲಿಗೆ ಅಂಬಡ್ ಮುಟ್ಟಿದರು.

ರವಿಕಾಂತನ ವರ್ಕ್‌ಶಾಪು ಗಾಡಿಗಳ ಬಿಡಿಭಾಗ ಮಾಡುವ ತಗಡಿನ ಶೆಡ್ಡು. ಒಳಗೆ ಪ್ರೆಸ್ ಮಷೀನು ಧಡ್ ಧಡ್ ಎಂದು ಕುಟ್ಟುತ್ತಿತ್ತು. ಗಾಜಿನ ಕ್ಯಾಬಿನ್ನಿನಲ್ಲಿ ಕೂತಿದ್ದ ರವಿಕಾಂತ ಅನುರಾಧಾಳನ್ನು ಕಂಡು ಎದ್ದು ನಿಂತ. ನಲವತ್ತರ ಆಸುಪಾಸು, ಗಡ್ಡ ಬೋಳಿಸದೆ ಎರಡು ದಿನವಾದ ಮುಖ.

"ಯಾ ಯಾ, ಮೇಡಂ. ಬರ್ರಿ. ಚಾ ತರಸ್ಲಾ?" ಎಂದವನು ಮಲಕವ್ವನನ್ನು ನೋಡಿ ಮಾತು ತಡೆದ.

"ನಮ್ಮ ಹೃಷಿಕೇಶನ ಅವ್ವ," ಎಂದಳು ಅನುರಾಧಾ. ಕುರ್ಚಿ ಎಳೆದು ಕೂತಳು. ಮುಖದಲ್ಲಿ ಅಂಗಡಿಯ ನಗೆ ತಂದುಕೊಂಡಳು. "ನಿಮ್ಮ ತ್ರಾಸ ತಗೊಳೂದಿಲ್ಲ ರವಿಕಾಂತಣ್ಣಾ. ನಮ್ಮ ಸಿಸ್ಟಮ್ ಇಷ್ಟ ದೂರದಿಂದ ಎಷ್ಟ ಛಂದ ನಡದದ ಅಂತ ಕೇಳಿ ನನಗ ಭಾಳ ಖುಷಿ ಆತು. ಒಂದ ಸಲ ಮಾಡಿ ತೋರಸ್ರಿ. ನನ್ನ ಕಣ್ಣಿಲೆ ನೋಡಬೇಕು."

"ಅದರಾಗ ಏನದ ತೋರಿಸೂದು!"

"ಒಂದ ಸಲ. ನಮ್ಮ ಕೆಲಸದ ಹೆಮ್ಮಿ ನೋಡ್ರಿ."

ಇಲ್ಲ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಫೋನ್ ತೆಗೆದ. ಆ್ಯಪ್ ತೆರೆದ. ತೆರೆಯ ಮೇಲೆ ಪುಟ್ಟದೊಂದು ಮನೆಯ ಚಿತ್ರ. ಬೆರಳು ತಾಗಿಸಿದ್ದೇ ತಡ, ಆ ಮನೆಯ ಕಿಟಕಿಗಳೆಲ್ಲ ಹಳದಿಯಾದವು.

"ಬಘಾ! ನೋಡ್ರಿ, ಹತ್ತಿತು," ಎಂದ. ಅವನ ಮುಖವೂ ಅರಳಿತು. ಪಾಪ, ಅವನಿಗೇ ನಂಬಿಕೆ ಬಂದುಬಿಟ್ಟಿತ್ತು.

ಗೇಟಿನಲ್ಲೇ ಶಶಿಕಾಂತನಿಗೆ ಹಚ್ಚಿ ಹಾಗೇ ಇಟ್ಟುಕೊಂಡಿದ್ದ ಫೋನನ್ನು ಅನುರಾಧಾ ಟೇಬಲ್ಲಿನ ಮೇಲಿಟ್ಟು ಸ್ಪೀಕರ್ ಹಾಕಿದಳು. "ಶಶಿಕಾಂತ್ ಸರ್, ಎಲ್ಲಿ ನಿಂತೀರಿ?"

"ಥೇಟರ್ ರೂಮಿನ್ಯಾಗ. ಬಾಗಲಾ ಹಾಕ್ಕೊಂಡೀನಿ. ಮನ್ಯಾಗ ಬ್ಯಾರೆ ಯಾರೂ ಇಲ್ಲ. ಅವ್ವ ಗುಡಿಗಿ ಹೋಗ್ಯಾಳ. ಕಿಡಕಿಲ್ಲದ ಕ್ವಾಣಿ, ನನ್ನ ಕೈ ನನಗ ಕಾಣವಲ್ಲದು."

"ದೀಪ ಹತ್ತಿದ್ವೇನ್ರಿ?"

"ಯಾವ ದೀಪ?"

ರವಿಕಾಂತನ ಬೆರಳು ಅಲ್ಲೇ ನಿಂತಿತು.

"ಇನ್ನೊಮ್ಮೆ ಒತ್ರಿ ಅಣ್ಣಾ," ಎಂದಳು ಅನುರಾಧಾ ಮೆತ್ತಗೆ.

ಒತ್ತಿದ. ಚಿತ್ರದ ಮನೆ ಕತ್ತಲಾಯಿತು, ಮತ್ತೆ ಬೆಳಗಿತು. ಆ ಕಡೆಯಿಂದ ಶಶಿಕಾಂತ, "ಕತ್ತಲ ಅದರಿ. ಎಡವಿ ಬಿದ್ದ ಗಿದ್ದೇನು," ಎಂದ. ರವಿಕಾಂತ ಮೂರನೆಯ ಸಲವೂ ಒತ್ತಿದ.

"ನೆಟ್... ನೆಟ್ ಇಲ್ಲ ಕಾಣಸ್ತದ ಇಲ್ಲಿ."

ಅನುರಾಧಾ ಮೊದಲು ಶಶಿಕಾಂತನ ಫೋನ್ ಕಡಿದಳು. ಮುಂದಿನ ಮಾತು ಅಣ್ಣನ ಕಿವಿಗೆ ಹೀಗೆ ಬೀಳುವುದು ಅವಳಿಗೆ ಬೇಕಿರಲಿಲ್ಲ.

"ಇದು ನಾನ ಅಂಗಡ್ಯಾಗ ಹಾಕಿಕೊಟ್ಟ ಆಟದ ಆ್ಯಪು. ಯಾವ ಮನಿಗೂ ಕೂಡಿಲ್ಲ. ನಿಮ್ಮ ಅವ್ವಾರು ಬ್ಯಾಡ ಅಂದ್ರು ಅಂತ ಆ ಮನಿಗೆ ಇಂಟರ್ನೆಟ್ ಇಲ್ಲದ್ದ ಕೂಡಿಸೀನಿ. ಅದರ ದೀಪ ಹಚ್ಚಬೇಕಂದ್ರ ಹೊಸ್ತಿಲ ಒಳಗ ಇರಬೇಕು. ಸೋಮವಾರ ಆರೂ ಹತ್ತಕ್ಕ ದೇವರ ಕ್ವಾಣಿ ಮಗ್ಗಲಿನ ಗುಂಡಿ ಒತ್ಯಾರ. ಅಲ್ಲಿ ಇದ್ದವರು ನೀವು."

"ಸುಳ್ಳ!" ರವಿಕಾಂತ ಟೇಬಲ್ ಗುದ್ದಿದ. "ನಿಮ್ಮ ಹುಡುಗ ಒತ್ತಿರಬೇಕು. ಅವನ ಕಳ್ಳ. ಅವನ ಮ್ಯಾಲಿಂದು ನನ್ನ ಮ್ಯಾಲ ಹಾಕ್ಲಿಕ್ಕ ಬಂದೀರೇನು?"

"ಅವನ ಒತ್ತಿದ್ರ, ನೀವು ಹಚ್ಚೀನಿ ಅಂತ ಯಾಕ ಹೇಳಿದ್ರಿ?"

ಹೊರಗೆ ಮಷೀನು ಧಡ್ ಧಡ್ ಎನ್ನುತ್ತಲೇ ಇತ್ತು. ಅನುರಾಧಾ ಮುಂದಕ್ಕೆ ಬಾಗಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಕುದಿಯುತ್ತಿದ್ದ ಮಾತು ಈಗ ಹೊರಬಂತು.

"ನೀವು ಕಳ್ಳ ಅಲ್ಲ ಅಂತನೂ ನನಗ ಗೊತ್ತದ. ಕದಿಯಾಕ ಬಂದವ ಹನ್ನೊಂದು ದೀಪ ಹಚ್ಚಿ ಊರಿಗೆಲ್ಲಾ ತೋರಸ್ತಾನೇನ್ರಿ? ಕಾರ್ತಿಕ ತಿಂಗಳು. ಹೊತ್ತು ಮುಳುಗಿತ್ತು. ಮನಿ ಕತ್ತಲಿತ್ತು. ಆ ಮನ್ಯಾಗ ಹುಟ್ಟಿ ಬೆಳದವಗ ಮುಸ್ಸಂಜ್ಯಾಗ ಕತ್ತಲ ಮನ್ಯಾಗ ನಿಂದ್ರಲಿಕ್ಕ ಆಗೂದಿಲ್ಲ. ನಿಮ್ಮ ಕೈ ತಾನ ಗುಂಡಿಗೆ ಹೋತು. ಹೌದೋ ಅಲ್ಲೋ?"

ರವಿಕಾಂತ ಕುರ್ಚಿಯಲ್ಲಿ ಕುಸಿದು ಕೂತ. ಅಂಗೈ ನೋಡಿಕೊಂಡ.

"ಒತ್ತಿ, ಕೈ ಮುಗದೆ," ಎಂದ. "ದೀಪಕ್ಕ ಕೈ ಮುಗದ ಮ್ಯಾಲ ನನಗ ಎಚ್ಚರ ಆತು. ಅರೇ, ನಾ ಕದ್ದು ಬಂದೀನಿ, ಇದೇನ ಮಾಡಿದೆ ಅಂತ. ಆರಿಸಬೇಕಂದೆ. ಮುಸ್ಸಂಜಿ ದೀಪ ಆರಿಸಲಿಕ್ಕ ಮನಸ್ಸ ಬರಲಿಲ್ಲ."

ಅಬ್ಬಾ! ಸಿಕ್ಕಿತು! ಕುಣಿಯಬೇಕೆನಿಸಿತು ಅನುರಾಧಾಳಿಗೆ.

"ಯಾಕ ಹೋಗಿದ್ರಿ?"

"ಅಪ್ಪ ಹೋಗಿ ಒಂದ ವರ್ಷ ಆತ್ರಿ ಅವತ್ತಿಗೆ. ಅವನ ಲಿಂಗ ಅವನ ಜೋಡಿನ ಮಣ್ಣಾಗ ಹೋತು. ಅಜ್ಜನ ಕಾಲದ ಕರಡಿಗಿ ಅಷ್ಟ ಮನ್ಯಾಗ ಉಳೀತು. ಅದನ್ನ ದಾದಾ ಇಟ್ಕೊಂಡ. ನಾ ಕೇಳಿದ್ದು ಒಂದ ಸಲ ಕೈಯಾಗ ಕೊಡು ಅಂತ. ಮಾತಿಗಿ ಮಾತು ಬೆಳೀತು." ಅವನು ಕಣ್ಣೊರೆಸಿಕೊಂಡ. "ಎಲ್ಲಾರೂ ಭಾಲ್ಕಿಗೆ ಹೋಗ್ಯಾರ ಅಂತ ಗೊತ್ತಿತ್ತು. ನನ್ನ ಹತ್ರ ಹಳೇ ಕೀಲಿ ಇತ್ತು. ಆರಕ್ಕ ಐದು ನಿಮಿಷ ಇದ್ದಾಗ ಒಳಗ ಹೋದೆ. ಕರಡಿಗಿ ತಗದೆ, ಎದಿಗಿ ಒತ್ಕೊಂಡು ಕುಂತೆ, ವಿಭೂತಿ ಹಚ್ಚಿದೆ, ಇದ್ದಲ್ಲೇ ಇಟ್ಟೆ. ಆರೂವರಿಗೆ ಹೊರಗ ಬಿದ್ದೆ. ದೇವರಾಣೆ, ನಾ ಬರುವಾಗ ಕರಡಿಗಿ ಅಲ್ಲೇ ಇತ್ತು."

"ನಮ್ಮ ಹೃಷಿಕೇಶ?"

"ಇರಲಿಲ್ಲ. ಮನ್ಯಾಗ ನರಪಿಳ್ಳಿ ಇರಲಿಲ್ಲ. ಹೊರಗ ಬಂದು ಗಾಡಿ ಹತ್ತಿದೆ, ದಾದಾನ ಫೋನ್ ಬಂತು. ಬಾಯಿಗಿ ಬಂದದ್ದ ಹೇಳಿದೆ. ಮರುದಿನ ಕಳುವಾಗೇದ ಅಂತ ಗೊತ್ತಾದಾಗ ಕೈಕಾಲು ತಣ್ಣಗಾದ್ವು. ಪೊಲೀಸರು ಕೇಳಿದ್ರು. ಒಂದ ಸುಳ್ಳಿಗಿ ಇನ್ನೊಂದ ಸುಳ್ಳು ಕೂಡಿಸಿದೆ. ಹುಡುಗನ ಹೆಸರು ನಾ ಹೇಳಲಿಲ್ಲರಿ. ಥೇಟರ್ ಲೈಟ್ ಹತ್ತಿತ್ತು ಅಂತ ಅಷ್ಟ ಹೇಳಿದೆ."

"ಅಷ್ಟ?" ಎಂದಳು ಮಲಕವ್ವ.

ಇಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದವಳು ಎರಡು ಹೆಜ್ಜೆ ಮುಂದೆ ಬಂದಳು. ಅವಳ ದನಿ ಏರಲಿಲ್ಲ, ಆದರೂ ರವಿಕಾಂತ ಹಿಂದಕ್ಕೆ ಸರಿದ.

"ಅಷ್ಟರಾಗ ನನ್ನ ಮಗನ್ನ ಅಂಗಿ ಹಾಕ್ಕೊಳ್ಳಾಕೂ ಬಿಡಲಾರದ ಎಳಕೊಂಡ ಹೋದರು, ಸಾಹೇಬರ. ಓಣಿ ಮಂದಿ ಎಲ್ಲಾ ನೋಡಿದ್ರು. ನೀವು ಖರೇ ಹೇಳಿದ್ರ ನಿಮ್ಮ ಅವ್ವ ನಾಕ ದಿನ ಬೈತಾಳ, ಆಮ್ಯಾಲ ಊಟಕ್ಕ ಕರೀತಾಳ. ನನ್ನ ಮಗನ್ನ ಯಾರ ಮನಿಯೊಳಗ ಕರೀತಾರ್ರಿ ಇನ್ನ?"

ರವಿಕಾಂತ ತಲೆ ತಗ್ಗಿಸಿದ. ಕೆಲವು ಕೆಲಸಗಳನ್ನು ತಾಯಂದಿರಿಗೇ ಬಿಡಬೇಕು ಎಂದು ಅನುರಾಧಾಳಿಗೆ ಗೊತ್ತಿತ್ತು.

"ನಾ ಅಲ್ಲಿದ್ದೆ ಅಂದ್ರ ನನ್ನನ್ನ ಹಿಡೀತಾರ," ಎಂದ ಅವನು ಸಣ್ಣಗೆ.

"ಹಿಡೀಬಹುದು," ಎಂದಳು ಅನುರಾಧಾ. "ಸುಳ್ಳು ಹೇಳಿ ಸಮಾಧಾನ ಮಾಡೂದಿಲ್ಲ ನಿಮ್ಮನ್ನ. ಆದ್ರ ಕರಡಿಗಿ ಆರೂವರಿ ಆದ ಮ್ಯಾಲ ಹೋಗೇದ ಅಂತ ಗೊತ್ತಿರೋ ಮನುಷ್ಯ ಜಗತ್ತಿನ್ಯಾಗ ನೀವೊಬ್ಬರ. ನಿಮ್ಮ ಅಪ್ಪಾರ ಕರಡಿಗಿ ಮತ್ತ ಸಿಗಬೇಕಂದ್ರೂ ನೀವು ಬಾಯಿ ಬಿಡಬೇಕು."

ಗಾಜಿನ ಹೊರಗೆ ಪಾಳಿ ಮುಗಿದು ಮಷೀನುಗಳು ಒಂದೊಂದಾಗಿ ನಿಂತವು. ರವಿಕಾಂತ ಡ್ರಾಯರ್ ಎಳೆದ. ಬಿಳಿ ಹಾಳೆ ತೆಗೆದ. ಪೆನ್ನಿನ ಟೊಪ್ಪಿಗೆ ಬಿಚ್ಚಿದ.

"ಮರಾಠಿಯೊಳಗ ಬರೀಲೋ ಹಿಂದಿಯೊಳಗೋ?"

"ಮರಾಠಿ! ಮರಾಠಿಯೊಳಗ ಬರೀರಿ!" ಅನುರಾಧಾ ಎದ್ದೇ ನಿಂತಳು. ಆರೂವರೆಗೆ ಕರಡಿಗೆ ಇದ್ದಲ್ಲೇ ಇತ್ತು. ಆಗ ಹೃಷಿಕೇಶನ ಬಸ್ಸು ಊರು ಬಿಟ್ಟು ನಲವತ್ತು ನಿಮಿಷವಾಗಿತ್ತು. ಇನ್ನು ಆ ಟಿಕೆಟ್ಟನ್ನು ನೋಡಿ ಯಾರು ನಗುತ್ತಾರೋ ನೋಡೋಣ!

ಅರ್ಧ ಪುಟ ತುಂಬಿತು. ರವಿಕಾಂತ ಸಹಿ ಹಾಕಿದ. ಮಲಕವ್ವ ಎರಡೂ ಕೈಯಿಂದ ಅನುರಾಧಾಳ ಗಲ್ಲ ಸವರಿ, ತನ್ನ ಹಣೆಯ ಪಕ್ಕಕ್ಕೆ ಬೆರಳು ಮಡಚಿ ಲಟಲಟ ನೆಟಿಗೆ ಮುರಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಕ್ಕಾರ, ನಿಮ್ಮ ಹೊಟ್ಟಿ ತಣ್ಣಗಿರ್ಲಿ," ಎಂದದ್ದನ್ನೇ ಎನ್ನುತ್ತಿದ್ದಳು. ಅನುರಾಧಾಳ ಕಣ್ಣೂ ತುಂಬಿಬಂತು.

ಹಾಳೆಯ ಫೋಟೊ ತೆಗೆದು ಸಂಭಾಜಿನಗರದ ಇನ್ಸ್‌ಪೆಕ್ಟರ್ ಖೈರನಾರ್ ಅವರಿಗೆ ಕಳಿಸಿದಳು. ತಡೆಯಲಾರದೆ ಮರುಕ್ಷಣವೇ ಫೋನೂ ಮಾಡಿದಳು. ಐದೂ ಕಾಲು.

"ಸಾಹೇಬ್, ಒಂದು ಹೇಳಿಕೆ ಕಳಿಸಿದ್ದೇನೆ, ನೋಡಿದಿರಾ?" ಎಂದಳು ಮರಾಠಿಯಲ್ಲಿ, ಒಂದೇ ಉಸಿರಿಗೆ. "ಹೃಷಿಕೇಶ ಅಲ್ಲಿರಲೇ ಇಲ್ಲ. ಸಾಕ್ಷಿ ಸಿಕ್ಕಿದೆ."

ಆ ಕಡೆ ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

"ತಡವಾಯಿತು ಮೇಡಂ. ನಿಮ್ಮ ಹುಡುಗ ಒಪ್ಪಿಕೊಂಡಿದ್ದಾನೆ."

"ಏನು?"

"ನಾನೇ ಕದ್ದೆ ಅಂತ ತನ್ನ ಕೈಯಾರೆ ಬರೆದುಕೊಟ್ಟಿದ್ದಾನೆ. ನಾಳೆ ಮ್ಯಾಜಿಸ್ಟ್ರೇಟರ ಮುಂದೆಯೂ ಅದನ್ನೇ ಹೇಳುತ್ತಾನಂತೆ. ವಕೀಲರೂ ಬೇಡವಂತೆ."

"ಹೊಡೆದಿರಾ ಅವನನ್ನು?"

"ಬೆರಳು ತಾಗಿಸಿಲ್ಲ. ಬೆಳಿಗ್ಗೆಯಿಂದ ಇಲ್ಲ ಇಲ್ಲ ಅಂತಲೇ ಇದ್ದ. ನಾಲ್ಕು ಗಂಟೆಗೆ ಅವನ ತಾಯಿ ಬಂದರು. ವಯಸ್ಸಾದವರು, ಹಣೆಗೆ ಮೂರೆಳೆ ವಿಭೂತಿ, ಅಳುತ್ತಿದ್ದರು, ಬಿಟ್ಟೆ. ಹತ್ತು ನಿಮಿಷ ಮಾತಾಡಿಸಿದರು. ಅವರು ಹೋದ ಮೇಲೆ ಹುಡುಗ ತಾನಾಗಿಯೇ ಪೆನ್ನು ಕೇಳಿದ."

"ಯಾರ ತಾಯಿ?"

"ಅವನದೇ. ಮಲಕವ್ವ ಅಂತ ರಿಜಿಸ್ಟರಿನಲ್ಲಿ ಹೆಸರು ಬರೆಸಿದ್ದಾರೆ. ಅವರನ್ನು ಕಂಡ ಕೂಡಲೇ ಅವನು ಅವ್ವಾ ಅಂತ ಕಾಲಿಗೆ ಬಿದ್ದ. ನಾನೇ ನೋಡಿದೆ."

ಫೋನ್ ಕಿವಿಗೆ ಹಾಗೇ ಒತ್ತಿಕೊಂಡು ಅನುರಾಧಾ ತಿರುಗಿದಳು. ಎರಡು ಹೆಜ್ಜೆ ಆಚೆ ಮಲಕವ್ವ ಬೆಳಗಿನಿಂದ ಬಿಚ್ಚದಿದ್ದ ರೊಟ್ಟಿಯ ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದು ರವಿಕಾಂತನ ಕೈಯಲ್ಲಿಡುತ್ತಿದ್ದಳು. ಇವಳ ಮುಖ ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಏನಂದ್ರು ಅಕ್ಕಾರ? ಯಾವಾಗ ಬಿಡ್ತಾರಂತ್ರಿ ನನ್ನ ಮಗನ್ನ?"